ಎಡಕ್ಕೆ ಎಳೆಯುತ್ತಿದ್ದ ಪಿಕಪ್

ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಅಪ್ಪಯ್ಯ ಹಳೆಯ ಮಹೀಂದ್ರಾ ಪಿಕಪ್ ಒಂದನ್ನು ತಂದರು. ಅದು ಆಗಲೇ ಎರಡು ಕೈ ದಾಟಿ ಬಂದಿತ್ತು. ಇಂಜಿನ್ನು ಗಟ್ಟಿ, ಬಾಡಿ ತಕ್ಕಮಟ್ಟಿಗೆ, ಕಾಗದಪತ್ರ ಚೊಕ್ಕ. ತೀರ್ಥಹಳ್ಳಿಯಾಚೆಯ ನಮ್ಮ ತೋಟದಿಂದ ಶಿವಮೊಗ್ಗದ ಮಂಡಿಗೆ ಅಡಿಕೆ ಮೂಟೆ ಹೊತ್ತು ಹೋಗುವುದು, ಬರುವಾಗ ಗೊಬ್ಬರವೋ ಸಿಮೆಂಟೋ, ಮಳೆಗಾಲಕ್ಕೆ ಮುಂಚೆ ಕೊಳೆ ಔಷಧಿಗೆ ಬೇಕಾದ ಮೈಲುತುತ್ತವೋ ಸುಣ್ಣವೋ ಹೇರಿಕೊಂಡು ಬರುವುದು ಅದರ ಕೆಲಸ. ಅದನ್ನು ಓಡಿಸುವುದು ನನ್ನ ಕೆಲಸ. ಡಿಗ್ರಿ ಮುಗಿಸಿ ಊರಿಗೆ ಮರಳಿದ್ದ ನನಗೆ ಆ ಗಾಡಿಯ ಮೇಲೆ ಬಹಳ ಪ್ರೀತಿಯಿತ್ತು. ಈಗಲೂ ಇದೆ.

ಮುಂದೂ ಹಿಂದೂ ಕಮಾನು ಪಾಟಾ ಇರುವ ಗಾಡಿ ಅದು. ಕಾರುಗಳ ಹಾಗೆ ಎಡಚಕ್ರ ಬಲಚಕ್ರ ಬೇರೆ ಬೇರೆಯಾಗಿ ಕುಣಿಯುವುದಿಲ್ಲ. ಎರಡಕ್ಕೂ ನಡುವೆ ಒಂದೇ ಕಬ್ಬಿಣದ ಅಚ್ಚು, ಮುಂದಿನ ಅಚ್ಚಿನ ಎರಡು ತುದಿಯಲ್ಲಿ ಕಿಂಗ್ ಪಿನ್, ಆ ಪಿನ್ನಿನ ಸುತ್ತ ತಿರುಗುವ ಸ್ಟಬ್ ಆಕ್ಸಲ್. ಕಮಾನಿನ ಮೇಲೆ ಕೂತ ಗಟ್ಟಿ ಅಚ್ಚು ನಮ್ಮ ರಸ್ತೆಗಳಿಗೆ ಹಳೆಯ ಜೀಪುಗಳ ಕಾಲದಿಂದ ಒಗ್ಗಿಬಂದದ್ದು. ಪೆಟ್ಟು ತಡೆಯುತ್ತದೆ, ಲೋಡು ತಡೆಯುತ್ತದೆ, ಹಳ್ಳಿಯ ಕುಲುಮೆಯಲ್ಲೂ ಅದರ ಪಾಟಾ ಬದಲಿಸಬಹುದು. ತಾಳಿಕೆಯಲ್ಲಿ ಅದಕ್ಕೆ ಸಮನಾದದ್ದು ನಾನು ಕಂಡಿಲ್ಲ.

ಆದರೆ ನಮ್ಮ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಮಂಡಗದ್ದೆ ದಾಟಿ ಗಾಜನೂರಿನ ಕಡೆಗೆ ತುಂಗೆಯ ದಂಡೆಗುಂಟ ಹೋಗುವಾಗ ಸ್ಟೇರಿಂಗನ್ನು ಸದಾ ಬಲಕ್ಕೆ ಜಗ್ಗಿ ಹಿಡಿದಿರಬೇಕು. ಶಿವಮೊಗ್ಗ ಮುಟ್ಟುವಷ್ಟರಲ್ಲಿ ಹೆಗಲು ಹಿಡಿದುಕೊಳ್ಳುತ್ತಿತ್ತು. ಖಾಲಿ ಗಾಡಿಯಲ್ಲಿ ಮರಳುವಾಗ ಬೇರೆಯೇ ಕಾಟ: ತಿರುವಿನಲ್ಲಿ ತಿರುಗಿಸಿದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಪ್ರತಿ ಸಲವೂ ಕೈಯಿಂದ ಬಿಡಿಸಿ ತರಬೇಕಿತ್ತು. ಮುಂದಿನ ಟೈರುಗಳ ಒಳ ಅಂಚು ನಾಲ್ಕು ತಿಂಗಳಿಗೇ ಬೋಳು.

ಎಡಕ್ಕೆ ಸ್ವಲ್ಪ ಜಾರುವುದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ನೀರು ಹರಿಯಲೆಂದು ರಸ್ತೆಯ ನಡುವನ್ನು ಎತ್ತರ ಮಾಡಿ ಎರಡೂ ಬದಿಗೆ ಇಳಿಜಾರು ಕೊಟ್ಟಿರುತ್ತಾರೆ. ನಾವು ಎಡಬದಿಯಲ್ಲಿ ಓಡಿಸುವವರು, ಕೈಬಿಟ್ಟರೆ ಯಾವ ಗಾಡಿಯೂ ನಿಧಾನಕ್ಕೆ ಎಡಕ್ಕೇ ಹೋಗುತ್ತದೆ. ಇದನ್ನೇ ಹೇಳಿ ಎಷ್ಟೋ ಜನ ನನ್ನನ್ನು ಸಮಾಧಾನ ಮಾಡಿ ಕಳಿಸಿದರು. ಒಂದು ಬೆಳಗಿನ ಜಾವ, ಮುಂದೂ ಹಿಂದೂ ಗಾಡಿಯಿಲ್ಲದ ನೇರ ರಸ್ತೆಯಲ್ಲಿ ನಿಧಾನಕ್ಕೆ ಬಲಬದಿಗೆ ತಂದು, ಸ್ಟೇರಿಂಗಿನ ಹಿಡಿತ ಸಡಿಲಿಸಿ ನೋಡಿದೆ. ಅಲ್ಲಿ ಇಳಿಜಾರು ಬಲಕ್ಕೆ. ಸರಿಯಿರುವ ಗಾಡಿ ಬಲಕ್ಕೆ ಸರಿಯಬೇಕು. ನಮ್ಮದು ಏರು ಹತ್ತಿಕೊಂಡು ಎಡಕ್ಕೇ ಬಂತು. ದೋಷ ರಸ್ತೆಯದಲ್ಲ, ಗಾಡಿಯದೇ ಎಂದು ಅಲ್ಲಿಗೆ ಖಾತ್ರಿಯಾಯಿತು.

ಗಾಳಿ ಸಮ ಮಾಡಿಸಿದೆ. ಎಡದ ಟೈರು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿದೆ. ಟೈರೇ ಎಳೆಯುವುದಾದರೆ ಎಳೆತವೂ ಬಲಕ್ಕೆ ಬದಲಾಗಬೇಕು, ಆಗಲಿಲ್ಲ. ಬ್ರೇಕು ಒಂದು ಕಡೆ ಹಿಡಿದುಕೊಂಡಿದೆಯೋ ಎಂದು ಹತ್ತು ಕಿಲೋಮೀಟರು ಓಡಿಸಿ ಎರಡೂ ಚಕ್ರದ ಹತ್ತಿರ ಕೈಯಿಟ್ಟು ನೋಡಿದೆ. ಬಿಸಿ ಒಂದೇ ಸಮ. ಇವೆಲ್ಲ ಖರ್ಚಿಲ್ಲದ ಪರೀಕ್ಷೆಗಳು. ಅಲೈನ್‌ಮೆಂಟಿಗೆ ದುಡ್ಡು ಕೊಡುವ ಮುಂಚೆ ಯಾರಾದರೂ ಮಾಡಬೇಕಾದವು.

ಆಮೇಲೆ ಕಂಪ್ಯೂಟರ್ ಅಲೈನ್‌ಮೆಂಟ್. ಪೇಟೆಯ ಒಂದು ಅಂಗಡಿಯಲ್ಲಿ ಚಕ್ರಗಳಿಗೆ ತಟ್ಟೆಯಂಥ ಸಾಧನ ಕಟ್ಟಿ, ಗಾಡಿ ಹಿಂದೆಮುಂದೆ ಸರಿಸಿ, ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡ್ ತಿರುವಿ, ಬಣ್ಣದ ಒಂದು ಹಾಳೆ ಕೊಟ್ಟರು. ಟೋ ಎಂಬ ಸಾಲು ಹಸಿರಾಗಿತ್ತು. ಕೆಲವು ಸಾಲು ಕೆಂಪಾಗಿದ್ದವು. ಕೇಳಿದರೆ, ‘ಅದಕ್ಕೆಲ್ಲ ನಿಮ್ಮ ಗಾಡೀಲಿ ಅಡ್ಜಸ್ಟ್‌ಮೆಂಟ್ ಇಲ್ಲ ಸಾರ್’ ಎಂದರು. ಆ ದಿನ ಎಳೆತ ಕಡಿಮೆಯಾದಂತೆ ಅನಿಸಿತು. ಎರಡು ಲೋಡು ಹೊಡೆಯುವಷ್ಟರಲ್ಲಿ ಮತ್ತೆ ಅದೇ. ಇನ್ನೊಂದು ಅಂಗಡಿ, ಇನ್ನೊಂದು ಹಾಳೆ, ಮತ್ತೆ ಹಸಿರು ಟೋ. ಅಪ್ಪಯ್ಯ, ‘ಟೈರಿಗೆ ಹಾಕೋ ದುಡ್ಡಲ್ಲಿ ಇನ್ನೊಂದು ಎಕರೆಗೆ ಗೊಬ್ಬರ ಬರ್ತಿತ್ತು ಕಣೋ’ ಎನ್ನುತ್ತಿದ್ದರು. ಅವರು ಹೇಳುತ್ತಿದ್ದುದು ಲೆಕ್ಕಕ್ಕೆ ಸರಿಯೇ.

ತೀರ್ಥಹಳ್ಳಿ ಪೇಟೆಯ ಹೊರಗೆ ಒಬ್ಬ ಮೇಸ್ತ್ರಿಗಳಿದ್ದರು. ಲಾರಿಗಳ ಮುಂಭಾಗದ ಕೆಲಸದಲ್ಲಿ ಪಳಗಿದ ಕೈ. ಗ್ಯಾರೇಜು ಎಂದರೆ ತಗಡಿನ ಮಾಡು, ಒಂದು ಸಿಮೆಂಟು ನೆಲ, ಅಷ್ಟೇ. ಆ ನೆಲವನ್ನು ಅವರು ನೀರು ಬಿಟ್ಟು ಮಟ್ಟ ನೋಡಿ ಹಾಕಿಸಿದ್ದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಹೆಮ್ಮೆಯಿರುತ್ತಿತ್ತು. ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ಗಾಡಿ ಹತ್ತಲಿಲ್ಲ, ಜಾಕೂ ಹಾಕಲಿಲ್ಲ. ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಅಂಗೈಯನ್ನು ಟೈರಿನ ಮೇಲೆ ಅಡ್ಡಕ್ಕೆ ಎಳೆದರು. ಒಳಗಿನಿಂದ ಹೊರಕ್ಕೊಮ್ಮೆ, ಹೊರಗಿನಿಂದ ಒಳಕ್ಕೊಮ್ಮೆ. ನನ್ನ ಕೈಯನ್ನೂ ಹಿಡಿದು ಹಾಗೇ ಎಳೆಸಿದರು. ಹೊರಕ್ಕೆ ಹೋಗುವಾಗ ನುಣುಪು, ಒಳಕ್ಕೆ ಬರುವಾಗ ರಬ್ಬರಿನ ಸಣ್ಣ ಸಣ್ಣ ಅಂಚುಗಳು ಬೆರಳಿಗೆ ಗರಗರ ತಾಗಿದವು.

‘ಗೌಡ್ರೇ, ನಿಂತಾಗ ಚಕ್ರ ನೆಟ್ಟಗಿದೆ. ಓಡುವಾಗ ಮುಂದೆ ಬಾಯಿ ಬಿಡ್ತದೆ. ಟೈರು ಸುಳ್ಳು ಹೇಳಲ್ಲ’ ಎಂದರು.

ಮುಂದಿನ ಎರಡು ಚಕ್ರಗಳು ಮೇಲಿಂದ ನೋಡಿದಾಗ ಮುಂಬದಿಯಲ್ಲಿ ಕೂದಲೆಳೆಯಷ್ಟು ಒಳಮುಖವಾಗಿರಬೇಕು. ಅದು ಟೋ ಇನ್. ಎಂಜಿನ್ನು ಹಿಂದಿನ ಚಕ್ರವನ್ನು ದೂಡುವ ಗಾಡಿಯಲ್ಲಿ ಓಡುವಾಗ ರಸ್ತೆಯ ಜಗ್ಗಾಟಕ್ಕೆ ಮುಂದಿನ ಚಕ್ರಗಳು ಹೊರಮುಖವಾಗಲು ನೋಡುತ್ತವೆ, ಅದಕ್ಕೇ ಮೊದಲೇ ಒಂದೆರಡು ಮಿಲಿಮೀಟರು ಒಳಕ್ಕೆ ಇಟ್ಟಿರುತ್ತಾರೆ. ಸವೆದ ಜೋಡಣೆಗಳಿದ್ದರೆ ಆ ಒಂದೆರಡು ಮಿಲಿಮೀಟರು ಎಲ್ಲಿ ಉಳಿದೀತು? ನಿಂತ ಗಾಡಿಯನ್ನು ಅಳೆದ ಕಂಪ್ಯೂಟರಿನ ಹಸಿರು, ಗಾಡಿ ಅಂಗಡಿಯಿಂದ ಹೊರಬಿದ್ದ ಗಳಿಗೆಯೇ ಕೆಂಪಾಗುತ್ತಿತ್ತು.

ಅಚ್ಚಿನ ಅಡಿಗೆ ಜಾಕು ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಕಟಕ್ ಎಂದಿತು. ಕಿಂಗ್ ಪಿನ್ ಸವೆದಿದ್ದರೂ ಹೀಗೇ, ಬೇರಿಂಗು ಸಡಿಲವಿದ್ದರೂ ಹೀಗೇ ಆಗುತ್ತದೆ. ಎರಡನ್ನೂ ಬಿಡಿಸಿ ನೋಡಲು ಮೇಸ್ತ್ರಿಗಳು ನನ್ನನ್ನು ಬ್ರೇಕ್ ಒತ್ತಿಹಿಡಿಯಲು ಹೇಳಿದರು. ಬ್ರೇಕು ಹಿಡಿದಾಗ ಚಕ್ರವೂ ಸ್ಟಬ್ ಆಕ್ಸಲ್ಲೂ ಒಂದೇ ತುಂಡಿನಂತಾಗುತ್ತವೆ, ಬೇರಿಂಗಿನ ಆಟ ಮಾಯವಾಗುತ್ತದೆ. ಆಮೇಲೂ ಕಟಕ್ ಎನ್ನುತ್ತಿದ್ದರೆ ಅದು ಕಿಂಗ್ ಪಿನ್ನಿನದು. ನಮ್ಮದು ಎನ್ನುತ್ತಲೇ ಇತ್ತು, ಎರಡೂ ಕಡೆ. ಇಷ್ಟು ಸರಳವಾದ, ಇಷ್ಟು ನಿಖರವಾದ ಪರೀಕ್ಷೆಯನ್ನು ಹಿಂದೆ ಯಾವ ಗ್ಯಾರೇಜಿನಲ್ಲೂ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಟೈ ರಾಡಿನ ಒಂದು ಬಾಲ್ ಜಾಯಿಂಟೂ ಹೋಗಿತ್ತು. ನಾನು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಆಚೀಚೆ ಆಡಿಸುವಾಗ ಅವರು ಜಾಯಿಂಟಿನ ಮೇಲೆ ಬೆರಳಿಟ್ಟು ಕಣ್ಣುಮುಚ್ಚಿಕೊಂಡು ಹುಡುಕಿದರು.

ಇವೆಲ್ಲ ಟೈರು ಸವೆತಕ್ಕೆ ಉತ್ತರ. ಎಳೆತಕ್ಕೆ ಇನ್ನೂ ಉತ್ತರ ಸಿಕ್ಕಿರಲಿಲ್ಲ.

ಆಗ ಅವರು ಅಲೈನ್‌ಮೆಂಟಿನ ಹಾಳೆ ಕೇಳಿದರು. ‘ಇಂಗ್ಲಿಷ್ ನಂಗೆ ಬರಲ್ಲ, ನೀವು ಓದಿ. ಒಂದೂ ಬಿಡಬೇಡಿ.’ ನಾನು ಒಂದೊಂದೇ ಸಾಲು ಓದಿದೆ. ಟೋ ಎಂದಾಗ ತಲೆಯಾಡಿಸಿದರು. ಕ್ಯಾಂಬರ್ ಎಂದಾಗ, ಎಂದರೆ ಚಕ್ರದ ನೆತ್ತಿ ಒಳಕ್ಕೋ ಹೊರಕ್ಕೋ ವಾಲುವ ಲೆಕ್ಕ ಬಂದಾಗ, ಎಡಬಲ ಹೋಲಿಸಿ ಮತ್ತೊಮ್ಮೆ ಓದಿಸಿದರು. ಕ್ಯಾಸ್ಟರ್ ಎಂದಾಗ ‘ಕೆಂಪಲ್ವಾ?’ ಎಂದರು. ಎರಡೂ ಕಡೆ ಕೆಂಪೇ. ಅಡಿಯಲ್ಲಿ ಸೆಟ್‌ಬ್ಯಾಕ್ ಎಂಬ ಇನ್ನೊಂದು ಸಾಲಿತ್ತು. ಒಂದು ಮುಂಚಕ್ರ ಇನ್ನೊಂದಕ್ಕಿಂತ ಎಷ್ಟು ಹಿಂದಿದೆ ಎಂಬ ಅಳತೆ ಅದು. ಅದನ್ನು ಓದಿದ್ದೇ ತಡ, ಮೇಸ್ತ್ರಿಗಳು ಎದ್ದು ಗಾರೆ ಕೆಲಸದ ತೂಗುಗುಂಡು ತಂದರು.

ಪಾಟಾದ ಮುಂದಿನ ಕಣ್ಣಿನಿಂದ ದಾರ ಇಳಿಬಿಟ್ಟು ನೆಲಕ್ಕೆ ಸೀಮೆಸುಣ್ಣದ ಗುರುತು, ಚಕ್ರದ ನಡುವಿನಿಂದ ಇನ್ನೊಂದು, ಹಿಂದಿನ ಚಕ್ರದಿಂದ ಮತ್ತೊಂದು. ಎರಡೂ ಬದಿ. ಗಾಡಿಯನ್ನು ದೂಡಿ ಆಚೆ ಸರಿಸಿ ಟೇಪು ಹಿಡಿದೆವು. ಎಡಬದಿಯಲ್ಲಿ ಮುಂದಿನ ಅಚ್ಚು ಅರ್ಧ ಇಂಚಿನ ಹತ್ತಿರ ಹಿಂದೆ ಸರಿದಿತ್ತು. ಹಿಂದಿನ ಅಚ್ಚು ನೆಟ್ಟಗೇ ಇತ್ತು. ಎಡಗಡೆ ಎರಡು ಚಕ್ರಗಳ ನಡುವಿನ ದೂರ ಕಮ್ಮಿ, ಬಲಗಡೆ ಜಾಸ್ತಿ. ಅಂಥ ಗಾಡಿ ಕಮ್ಮಿಯಿರುವ ಕಡೆಗೇ ಹೋಗುತ್ತದೆ. ಟೈ ರಾಡ್ ಎಷ್ಟು ತಿರುವಿದರೂ ಎರಡು ಚಕ್ರಗಳು ಪರಸ್ಪರ ಸರಿಹೋಗುತ್ತವೆಯೇ ಹೊರತು ಅಚ್ಚು ಸರಿಹೋಗುವುದಿಲ್ಲ.

ಗಾಡಿಯ ಅಡಿಗೆ ಮಲಗಿ ಟಾರ್ಚು ಬಿಟ್ಟಾಗ ಕಾರಣ ಕಣ್ಣಿಗೇ ಕಂಡಿತು. ಪಾಟಾಗಳನ್ನು ಒಟ್ಟಿಗೆ ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆ ಅಚ್ಚಿನ ಒಂದು ಕುಳಿಯಲ್ಲಿ ಕೂರುತ್ತದೆ. ಅಚ್ಚು ಹಿಂದೆ ಮುಂದೆ ಜಾರದ ಹಾಗೆ ಹಿಡಿದಿರುವ ಗುರುತು ಅದು. ಅದರ ಮೇಲಿನ ಭಾರವನ್ನು ನಿಜವಾಗಿ ತಡೆಯಬೇಕಾದವು ಪಾಟಾವನ್ನು ಅಚ್ಚಿಗೆ ಬಿಗಿಯುವ ಯು ಬೋಲ್ಟುಗಳು. ಯಾವಾಗಲೋ ಅವು ಸಡಿಲಾಗಿ, ಹೊಂಡಕ್ಕೆ ಬಿದ್ದ ಪೆಟ್ಟುಗಳೆಲ್ಲ ಸೆಂಟರ್ ಬೋಲ್ಟಿಗೆ ತಾಗಿ, ಅದರ ತಲೆ ಹಾರಿಹೋಗಿತ್ತು. ಪಾಟಾ ಕೂತಿದ್ದ ಜಾಗದಲ್ಲಿ ಸುತ್ತಲೂ ಕೆಂಪು ತುಕ್ಕು, ನಡುವೆ ಮಾತ್ರ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿದ್ದ ಒಂದು ಪಟ್ಟಿ. ಅಚ್ಚು ಎಷ್ಟು ಸರಿದಿದೆಯೋ ಅಷ್ಟೇ ಅಗಲ. ಅಷ್ಟು ದಿನ ನನ್ನ ಹೆಗಲನ್ನು ಜಗ್ಗಿದ್ದು ಆ ಪಟ್ಟಿ.

ಕಂಪ್ಯೂಟರಿನ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಕೆಲಸ ಮಾಡಿತ್ತು, ಸೆಟ್‌ಬ್ಯಾಕ್ ಅಳೆದು ಬರೆದಿತ್ತು, ಕ್ಯಾಸ್ಟರ್ ಕೆಂಪು ಮಾಡಿ ತೋರಿಸಿತ್ತು. ತಿರುವಲು ಸ್ಕ್ರೂ ಇರುವ ಸಾಲನ್ನು ಮಾತ್ರ ಓದಿ, ಸ್ಕ್ರೂ ಇಲ್ಲದ ಸಾಲುಗಳನ್ನು ಬಿಟ್ಟವರ ಮೇಲೆ ನನ್ನ ತಕರಾರು. ಇಂಗ್ಲಿಷ್ ಬಾರದ ಮೇಸ್ತ್ರಿಗಳು ಆ ಹಾಳೆಯನ್ನು ಪೂರ್ತಿ ಓದಿಸಿಕೊಂಡ ಮೊದಲ ಮನುಷ್ಯ. ಅವರ ಮೇಲಿನ ನನ್ನ ಗೌರವಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕಿಂಗ್ ಪಿನ್ ಬಿಚ್ಚುವುದು ಹೋರಾಟವಾಯಿತು. ಮಲೆನಾಡಿನ ಮಳೆ, ಕೆಂಪು ಮಣ್ಣು. ಗ್ರೀಸ್ ಕಾಣದ ಪಿನ್ನು ಅಚ್ಚಿಗೆ ಕಚ್ಚಿಕೊಂಡಿತ್ತು. ಪಿನ್ನನ್ನು ಅಡ್ಡಕ್ಕೆ ಹಿಡಿದಿರುವ ಬೀಗದ ಪಿನ್ನು ತೆಗೆದು, ರಾತ್ರಿಯಿಡೀ ಡೀಸೆಲ್ ಕುಡಿಸಿ, ಬೆಳಗ್ಗೆ ಸಮ್ಮಟಿಗೆಯಿಂದ ಬಡಿದರು. ಎಡದ್ದು ಬಂತು. ಬಲದ್ದು ಜಪ್ಪಯ್ಯ ಎನ್ನಲಿಲ್ಲ. ಅಚ್ಚಿನ ಆ ತುದಿಯನ್ನು ಗ್ಯಾಸಿನಲ್ಲಿ ಕಾಯಿಸಿಬಿಡೋಣವೇ ಎಂದು ಜೊತೆಯ ಹುಡುಗ ಕೇಳಿದಾಗ ಮೇಸ್ತ್ರಿಗಳು ಒಪ್ಪಲಿಲ್ಲ. ಹದ ಕೊಟ್ಟ ಕಬ್ಬಿಣ ಅದು, ಕೆಂಪಗೆ ಕಾಯಿಸಿದರೆ ಬಲ ಹೋಗುತ್ತದೆ. ಬಾಗಿದ ಅಚ್ಚನ್ನು ನೆಟ್ಟಗೆ ಮಾಡುವುದಿದ್ದರೂ ತಣ್ಣಗಿರುವಾಗಲೇ ಪ್ರೆಸ್ಸಿನಲ್ಲಿ ಮಾಡಬೇಕು ಎಂದರು. ಮತ್ತೆ ಡೀಸೆಲ್, ಮತ್ತೆ ಕಾಯುವುದು. ಮಧ್ಯಾಹ್ನದ ಮೇಲೆ ಒಂದು ಏಟಿಗೆ ಪಿನ್ನು ಠಣ್ಣೆಂದು ನೆಲಕ್ಕೆ ಬಿತ್ತು.

ತೆಗೆದ ಪಿನ್ನನ್ನು ಅವರು ನನ್ನ ಕೈಗೆ ಕೊಟ್ಟರು. ನೋಡಲು ಗುಂಡಗೇ ಇತ್ತು. ಉಗುರು ಎಳೆದಾಗ ಬುಶ್ ತಿಕ್ಕುವ ಜಾಗದಲ್ಲಿ ಒಂದು ಬದಿ ಮಾತ್ರ ತಗ್ಗು ಸಿಕ್ಕಿತು. ಹೊಸ ಬುಶ್ ಕೂರಿಸಿ, ರೀಮರ್ ಹಾಕಿ, ಪಿನ್ನು ಕೈಯಿಂದ ದೂಡಿದರೆ ಹೋಗಬೇಕು, ಸಡಿಲಾಗಬಾರದು, ಹಾಗೆ ಹದ ಮಾಡಿದರು. ರೀಮರನ್ನು ಮುಂದಕ್ಕೆ ಮಾತ್ರ ತಿರುಗಿಸಬೇಕು, ಹಿಂದಕ್ಕೆ ತಿರುಗಿಸಿದರೆ ಅಂಚು ಕೆಡುತ್ತದೆ. ಥ್ರಸ್ಟ್ ಬೇರಿಂಗು ಹೊಸದು. ಗ್ರೀಸ್ ಹೊಡೆಯುವಾಗ ಚಕ್ರ ನೆಲ ಬಿಟ್ಟಿರಬೇಕು, ಭಾರ ಇಳಿದರೆ ಮಾತ್ರ ಗ್ರೀಸು ಎಲ್ಲ ಕಡೆ ಇಳಿಯುತ್ತದೆ ಎಂದು ತೋರಿಸಿಕೊಟ್ಟರು.

ಇನ್ನುಳಿದದ್ದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕು ಹಿಂದಕ್ಕೆ ವಾಲಿರುವ ಹಾಗೆ ಕಿಂಗ್ ಪಿನ್ನಿನ ನೆತ್ತಿಯೂ ತುಸು ಹಿಂದಕ್ಕೆ ವಾಲಿರಬೇಕು. ತಿರುಗಿಸಿದ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದು ಅದರಿಂದ. ಮೇಸ್ತ್ರಿಗಳು ಗಾಡಿಯ ಹಿಂದೆ ಹೋಗಿ ಕಮಾನು ಎಣಿಸಿದರು. ಹಿಂದಿನ ಯಾರೋ ಮಾಲೀಕರು ಭಾರ ಹೇರಲೆಂದು ಹೆಚ್ಚುವರಿ ಪಾಟಾ ಸೇರಿಸಿದ್ದರು. ಖಾಲಿ ಗಾಡಿಯ ಹಿಂಭಾಗ ಎತ್ತರಕ್ಕೆ ಎದ್ದು ಮೂಗು ಕೆಳಗಾಗಿತ್ತು. ಮೂಗು ಕೆಳಗಾದಷ್ಟೂ ಪಿನ್ನಿನ ವಾಲು ಕಮ್ಮಿ. ಲೋಡು ಹಾಕಿದಾಗ ಹಿಂಭಾಗ ಕುಸಿದು ವಾಲು ತಕ್ಕಮಟ್ಟಿಗೆ ಮರಳುತ್ತಿತ್ತು. ಮಂಡಿಗೆ ಹೋಗುವಾಗ ಇಲ್ಲದ ಕಾಟ ಬರುವಾಗ ಯಾಕೆ ಎಂಬುದಕ್ಕೆ ಉತ್ತರ ಅಲ್ಲಿತ್ತು. ಹಿಂದೆ ಯಾರೋ ಇದಕ್ಕೆಂದು ಸ್ಟೇರಿಂಗ್ ಬಾಕ್ಸಿನ ಸ್ಕ್ರೂ ಬಿಗಿಮಾಡಿದ್ದರು. ಅದರಿಂದ ಸ್ಟೇರಿಂಗು ಇನ್ನೂ ಹಿಡಿದುಕೊಂಡಿತ್ತು. ಅದನ್ನು ಮೊದಲು ಸಡಿಲಿಸಿದರು.

ಪಾಟಾ ತೆಗೆಸಲು ಅಪ್ಪಯ್ಯ ಒಪ್ಪಲಿಲ್ಲ, ಲೋಡು ತಡೆಯಬೇಕಲ್ಲ ಎಂದರು. ಹಾಗಾದರೆ ಬೆಣೆ ಎಂದರು ಮೇಸ್ತ್ರಿಗಳು. ಮುಂದಿನ ಪಾಟಾಕ್ಕೂ ಅಚ್ಚಿಗೂ ನಡುವೆ ಎರಡು ಡಿಗ್ರಿಯ ಕಬ್ಬಿಣದ ಬೆಣೆ, ಎರಡೂ ಕಡೆ ಒಂದೇ ಅಳತೆ. ಹತ್ತು ಸೆಂಟಿಮೀಟರು ಉದ್ದಕ್ಕೆ ಒಂದು ತುದಿ ಇನ್ನೊಂದಕ್ಕಿಂತ ಮೂರೂವರೆ ಮಿಲಿಮೀಟರು ದಪ್ಪ. ಪಾಟಾ ಅಚ್ಚಿನ ಮೇಲೆ ಕೂರುವ ಗಾಡಿಯಾದ್ದರಿಂದ ದಪ್ಪ ತುದಿ ಹಿಂದಕ್ಕೆ. ಲೇತ್ ಅಂಗಡಿಯವರು ಎರಡನ್ನೂ ಒಟ್ಟಿಗೆ ಕಚ್ಚಿಸಿ ಒಂದೇ ಸಲಕ್ಕೆ ಕೊರೆದರು, ಕೂದಲೆಳೆಯ ವ್ಯತ್ಯಾಸವೂ ಬರಬಾರದೆಂದು. ಕೆಲವರು ಮೃದುವಾದ ಲೋಹದ ಬೆಣೆ ಹಾಕುತ್ತಾರೆ, ಭಾರಕ್ಕೆ ಒಡೆಯುತ್ತದೆ, ಯು ಬೋಲ್ಟ್ ಸಡಿಲಾಗುತ್ತದೆ, ಮತ್ತೆ ಅದೇ ರಾಮಾಯಣ. ಬೆಣೆಯ ದಪ್ಪವನ್ನು ದಾಟಿ ಅಚ್ಚಿನ ಕುಳಿಯಲ್ಲಿ ಕೂರಲು ಸೆಂಟರ್ ಬೋಲ್ಟಿನ ತಲೆ ಉದ್ದವಿರಬೇಕು. ಅಂಗಡಿಯಲ್ಲಿ ಸಿಗುವುದು ಗಿಡ್ಡ. ಉದ್ದ ತಲೆಯ ಬೋಲ್ಟಿಗಾಗಿ ಶಿವಮೊಗ್ಗದ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದೆ. ಗಿಡ್ಡದ್ದನ್ನೇ ಹಾಕಿ ಮುಗಿಸಿ ಎಂದು ಒಮ್ಮೆಯೂ ಮೇಸ್ತ್ರಿಗಳು ಹೇಳಲಿಲ್ಲ. ಯು ಬೋಲ್ಟುಗಳೂ ಹೊಸವು. ಒಮ್ಮೆ ಬಿಗಿದು ಹಿಗ್ಗಿದ್ದನ್ನು ಮತ್ತೆ ಹಾಕುವಂತಿಲ್ಲ. ಗಾಡಿಯ ಭಾರ ಚಕ್ರದ ಮೇಲೆ ಇಳಿದ ನಂತರವೇ ಅಡ್ಡಡ್ಡಕ್ಕೆ ಒಂದೊಂದಾಗಿ ಬಿಗಿದರು.

ಟೋ ಎಲ್ಲಕ್ಕೂ ಕೊನೆಗೆ. ಅದಕ್ಕೆ ಅವರು ಯಂತ್ರ ಬಳಸಲಿಲ್ಲ. ಚಕ್ರ ಎತ್ತಿ ತಿರುಗಿಸುತ್ತ ಟೈರಿನ ನಡುವೆ ಸುಣ್ಣ ಬಳಿದು, ಮರದ ತುಂಡಿಗೆ ಹೊಡೆದ ಮೊಳೆಯನ್ನು ಅಲುಗದಂತೆ ತಾಗಿಸಿ ಒಂದು ಸಣ್ಣ ಗೆರೆ ಎಳೆದರು. ಟೈರು ಎಷ್ಟೇ ಸೊಟ್ಟಗಿರಲಿ, ಆ ಗೆರೆ ನೆಟ್ಟಗಿರುತ್ತದೆ. ಗಾಡಿ ಇಳಿಸಿ, ಸ್ವಲ್ಪ ಮುಂದೆ ದೂಡಿ ಚಕ್ರ ತನ್ನಿಚ್ಛೆಯಂತೆ ಕೂರಲು ಬಿಟ್ಟು, ಎರಡು ಗೆರೆಗಳ ನಡುವಿನ ದೂರವನ್ನು ಅಚ್ಚಿನ ಎತ್ತರದಲ್ಲಿ ಮುಂದೊಮ್ಮೆ ಹಿಂದೊಮ್ಮೆ ಅಳೆದರು. ಟೈ ರಾಡಿನ ಒಂದು ತುದಿಗೆ ಬಲ ಮರೆ, ಇನ್ನೊಂದಕ್ಕೆ ಎಡ ಮರೆ. ನಡುವಿನ ಪೈಪನ್ನು ತಿರುಗಿಸಿದರೆ ಎರಡೂ ಒಟ್ಟಿಗೆ ಉದ್ದವಾಗುತ್ತವೆ ಇಲ್ಲವೇ ಗಿಡ್ಡವಾಗುತ್ತವೆ. ಅಚ್ಚಿನ ಹಿಂದೆ ಟೈ ರಾಡ್ ಇರುವ ಗಾಡಿಯಲ್ಲಿ ಉದ್ದ ಮಾಡಿದರೆ ಚಕ್ರದ ಮುಂಬದಿ ಒಳಕ್ಕೆ ಬರುತ್ತದೆ. ಎರಡು ಮಿಲಿಮೀಟರಿಗೆ ನಿಲ್ಲಿಸಿದರು. ಅಚ್ಚು ತನ್ನ ಜಾಗಕ್ಕೆ ಮರಳಿದ್ದರಿಂದ ಸ್ಟೇರಿಂಗಿನ ಕಡ್ಡಿ ಸೊಟ್ಟಗೆ ನಿಂತಿತ್ತು, ಸ್ಟೇರಿಂಗ್ ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಡ್ರ್ಯಾಗ್ ಲಿಂಕಿನಲ್ಲಿ ಅದನ್ನೂ ನೇರ ಮಾಡಿದರು.

ಮೇಸ್ತ್ರಿಗಳೂ ನಾನೂ ಆಗುಂಬೆ ಕಡೆಗೆ ಹೊರಟೆವು. ಖಾಲಿ ಗಾಡಿ. ಘಾಟಿಯ ಕಡಿದಾದ ತಿರುವುಗಳಲ್ಲಿ ಪೂರ್ತಿ ತಿರುಗಿಸಿದ ಸ್ಟೇರಿಂಗು, ಹಿಡಿತ ಸಡಿಲಿಸಿದೊಡನೆ ಅಂಗೈಯೊಳಗೆ ಜಾರುತ್ತ ನೇರಕ್ಕೆ ಬಂತು. ಅಂಥ ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು, ಇಲ್ಲದಿದ್ದರೆ ಒಂದು ಟೈರು ರಸ್ತೆಗೆ ಉಜ್ಜುತ್ತದೆ. ಮ್ಯೂನಿಕ್ಕಿನ ಲಾಂಕೆನ್‌ಸ್ಪೆರ್ಗರ್ ಎಂಬ ಬಂಡಿ ತಯಾರಕ ಕುದುರೆ ಬಂಡಿಗಳಿಗಾಗಿ ಇದನ್ನು ಹೊಂದಿಸಿದ, 1818ರಲ್ಲಿ ಆಕರ್ಮನ್ ಎಂಬವನು ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಎಂದು ಆಮೇಲೆ ಓದಿ ತಿಳಿದೆ. ಮೋಟಾರು ಹುಟ್ಟುವ ಎಷ್ಟೋ ಮುಂಚಿನ ಆ ಬುದ್ಧಿವಂತಿಕೆ ನಮ್ಮ ಪಿಕಪ್ಪಿನ ಅಡಿಯಲ್ಲೂ ಕೆಲಸ ಮಾಡುತ್ತಿತ್ತು ಎಂಬುದು ನನಗೆ ಇವತ್ತಿಗೂ ಸಂತೋಷ ಕೊಡುವ ವಿಷಯ.

ಒಂದೆರಡು ಲೋಡಿನ ನಂತರ ಹೋಗಿ ಯು ಬೋಲ್ಟುಗಳನ್ನು ಮತ್ತೆ ಬಿಗಿಮಾಡಿಸಿದೆ. ಹೊಸ ಜೋಡಣೆ ಕೂತುಕೊಂಡಾಗ ಬಿಗಿ ಸಡಿಲಾಗುತ್ತದೆ, ಮೇಸ್ತ್ರಿಗಳು ಅದನ್ನು ಒತ್ತಿ ಹೇಳಿ ಕಳಿಸಿದ್ದರು. ಆಮೇಲಿನ ಟೈರುಗಳು ಅಂಚಿನಿಂದ ಅಂಚಿಗೆ ಒಂದೇ ಸಮ ಸವೆದವು.

ಆ ಗಾಡಿಯನ್ನು ಕೆಲವು ವರ್ಷಗಳ ಮೇಲೆ ಹೊಸನಗರ ಕಡೆಯವರೊಬ್ಬರಿಗೆ ಮಾರಿದೆವು. ತಗೊಂಡು ಹೋದ ಮಳೆಗಾಲ ಕಳೆದ ಮೇಲೆ ಅವರ ಫೋನು ಬಂತು. ‘ಮುಂದಿನ ಕಮಾನಿನ ಅಡಿ ಯಾರೋ ಕಬ್ಬಿಣದ ತುಂಡು ತುರುಕಿದಾರೆ ಅಂತ ಗ್ಯಾರೇಜಿನವರು ಹೇಳ್ತಿದಾರೆ. ತೆಗೆಸಿಬಿಡ್ಲಾ?’ ತೆಗೆಸಬೇಡಿ ಎಂದೆ. ಹಿಂದಿನ ಹೆಚ್ಚುವರಿ ಪಾಟಾ ಇರುವವರೆಗೂ ಆ ಬೆಣೆ ಬೇಕು, ಪಾಟಾ ತೆಗೆಸಿದ ದಿನ ಬೆಣೆಯನ್ನೂ ತೆಗೆಸಿ ಎಂದೆ. ಅವರು ಫೋನನ್ನು ಮೆಕ್ಯಾನಿಕ್ಕಿಗೆ ಕೊಟ್ಟರು. ದಪ್ಪ ತುದಿ ಯಾವ ಕಡೆ, ಎಷ್ಟು ಡಿಗ್ರಿ, ಬೋಲ್ಟಿನ ತಲೆ ಎಷ್ಟು ಉದ್ದ ಎಂದು ಆ ಹುಡುಗ ಒಂದೊಂದೇ ಕೇಳಿ ಬರೆದುಕೊಂಡ. ಯು ಬೋಲ್ಟ್ ಮತ್ತೊಮ್ಮೆ ಬಿಗಿಮಾಡುವುದನ್ನು ನಾನು ಹೇಳುವ ಮುಂಚೆ ಅವನೇ ಹೇಳಿದ. ಅದೇ ರೀತಿ ಸ್ಟೇರಿಂಗ್ ಮರಳದ ಇನ್ನೊಂದು ಪಿಕಪ್ ತನ್ನ ಗ್ಯಾರೇಜಿನಲ್ಲಿ ನಿಂತಿದೆಯೆಂದೂ, ಬೆಣೆ ಕೊರೆದದ್ದು ಯಾರೆಂದೂ ಕೇಳಿದ. ಲೇತ್ ಅಂಗಡಿಯವರ ನಂಬರು ಕೊಟ್ಟೆ.